ಕೊಗ್ಗಣ್ಣ ನೋಡಿದರೆ ಇಂಗ್ಲೆಂಡ್ ಸೋಲುತ್ತದೆ

ಎಲ್ಲಕ್ಕೂ ಕಾರಣ ಒಂದು ಕೆಂಪು ಟೀ ಶರ್ಟು.

ಮಸ್ಕತ್ತಿಗೆ ಬಂದ ಹೊಸತರಲ್ಲಿ ಕೊಗ್ಗ ಅದನ್ನು ಬಣ್ಣ ಚೆನ್ನಾಗಿದೆಯೆಂದು ರೂವಿಯ ಅಂಗಡಿಯೊಂದರಲ್ಲಿ ಕೊಂಡ. ಎದೆಯ ಮೇಲಿದ್ದ ಇಂಗ್ಲೆಂಡಿನ ಮೂರು ಸಿಂಹಗಳನ್ನು ಮನೆಗೆ ಬಂದ ಮೇಲೆಯೇ ನೋಡಿದ್ದು. ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿಲ್ಲ. ಹಾಳಾಗಬಾರದೆಂದು ತೊಟ್ಟ, ತೊಟ್ಟ ಮರ್ಯಾದೆಗೆ ಆ ತಂಡದ ಆಟ ನೋಡಿದ, ತಂಡ ಸೋತಿತು. ಪಾಪ ಅನ್ನಿಸಿತು. ಪ್ರೀತಿ ಹುಟ್ಟುವುದಕ್ಕೆ ಅಷ್ಟು ಸಾಕು.

ಆಮೇಲೆ ಅವನು ನೋಡಿದ್ದೆಲ್ಲ ಸೋಲೇ. ಫುಟ್‌ಬಾಲಿನಲ್ಲಿ ಪೆನಾಲ್ಟಿ ಮುಗಿದ ಕೂಡಲೇ ಹೋಗಿ ತಲೆಗೆ ಸ್ನಾನ ಮಾಡುತ್ತಿದ್ದ, ಸಾವಿನ ಮನೆಯಿಂದ ಬಂದವರ ಹಾಗೆ. ರಗ್ಬಿಯ ನಿಯಮ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಸೋತದ್ದು ಮಾತ್ರ ನಿಯಮವಿಲ್ಲದೆಯೂ ಗೊತ್ತಾಗುತ್ತಿತ್ತು. ಇಂಗ್ಲೆಂಡ್ ಗೆಲ್ಲುತ್ತಲೇ ಇರಲಿಲ್ಲ ಅಂತಲ್ಲ. ಕೊಗ್ಗ ಆಫೀಸಿನಲ್ಲಿದ್ದಾಗ, ನಿದ್ದೆಯಲ್ಲಿದ್ದಾಗ, ಬಾತ್‌ರೂಮಿನಲ್ಲಿದ್ದಾಗ ಧಾರಾಳವಾಗಿ ಗೆಲ್ಲುತ್ತಿತ್ತು. ಒಂದೇ ಒಂದು ಸಲ ಅದು ಗೆಲ್ಲುವುದನ್ನು ಕಣ್ಣಾರೆ ನೋಡಬೇಕು. ಅವನ ಆಸೆ ಅಷ್ಟೇ.

ಹಮ್ರಿಯಾದ ಅವನ ಕಟ್ಟಡದಲ್ಲಿ ಈ ಗುಟ್ಟು ಹೊರಬಿದ್ದದ್ದೇ ತಡ, ಭಾರತ-ಇಂಗ್ಲೆಂಡ್ ಕ್ರಿಕೆಟ್ ಇದ್ದ ದಿನವೆಲ್ಲ ಎದುರು ಫ್ಲ್ಯಾಟಿನ ಕ್ಯಾಸ್ಮಿರ್ ಪೊರ್ಬುಗಳ ಟಿವಿಯೆದುರಿನ ನಡುಕುರ್ಚಿ ಅವನಿಗೆ ಮೀಸಲಾಯಿತು. ಪೊರ್ಬುಗಳ ಹೆಂಡತಿ ಕ್ಲೆಮೆಂಟಿನಾ ಅವನಿಗೆಂದೇ ಗೋಳಿಬಜೆ ಕರಿಯುತ್ತಿದ್ದರು. "ನಮ್ಮ ಹನ್ನೆರಡನೇ ಪ್ಲೇಯರ್" ಅನ್ನುತ್ತಿದ್ದ ಕೆಳಗಿನ ಅಂಗಡಿಯ ಮಹ್ರೂಫ್.

ಈ ಶುಕ್ರವಾರ ಭಾರತ-ಇಂಗ್ಲೆಂಡ್ ಸೆಮಿಫೈನಲ್, ಮ್ಯಾಂಚೆಸ್ಟರಿನಲ್ಲಿ. ಕೊಗ್ಗ ಲೆಕ್ಕ ಹಾಕಿಟ್ಟಿದ್ದ: ಗೆಲುವು ಗ್ಯಾರಂಟಿ ಆಗುವವರೆಗೆ ನೋಡುವುದಿಲ್ಲ. ಕೊನೆಯ ಹೊಡೆತ ಮಾತ್ರ ನೋಡುವುದು. ಅಷ್ಟರಲ್ಲಿ ತನ್ನ ಶನಿಗೂ ಏನೂ ಮಾಡಲು ಟೈಮ್ ಇರುವುದಿಲ್ಲ.

ಬೆಳಿಗ್ಗೆಯೇ ಕಾರಿನ ಆಯಿಲ್ ಬದಲಿಸುವ ನೆವದಲ್ಲಿ ವಾದಿ ಅದಾಯಿಯ ಗ್ಯಾರೇಜಿಗೆ ಓಡಿದ. ಶುಕ್ರವಾರ ಗ್ಯಾರೇಜುಗಳು ಮುಚ್ಚಿರುತ್ತವೆಂಬುದು ಗಾಬರಿಯಲ್ಲಿ ಮರೆತಿತ್ತು. ಕಾದ ಕಾವಲಿಯಂಥ ರಸ್ತೆಯಲ್ಲಿ ಸುತ್ತಿ ಸುತ್ತಿ ದೋಸೆಯಾಗಿ ವಾಪಸ್ ಬಂದರೆ, ಪಾರ್ಕಿಂಗಿನಲ್ಲಿ ಮಹ್ರೂಫ್ ನಿಂತಿದ್ದ.

"ಯಲ್ಲಾ, ಬನ್ನಿ ಕೊಗ್ಗಣ್ಣ! ಟಾಸ್ ಆಯ್ತು. ಎಲ್ಲಿಗೆ ಓಡುದು ನೀವು?"

"ಕಿವಿನೋವು ಮಾರಾಯ."

"ಕ್ರಿಕೆಟ್ ನೋಡುದು ಕಣ್ಣಲ್ಲಿ ಅಲ್ವಾ?"

ಬಟ್ಟೆ ಬದಲಿಸಿ ಬರುತ್ತೇನೆಂದು ಕೊಗ್ಗ ಮನೆಗೆ ನುಗ್ಗಿದ. "ಹೋಗಿ ಬನ್ನಿ ಮಾರಾಯ್ರೆ," ಅಂದಳು ಹೆಂಡತಿ ವಿನೋದಾ. "ನೀವು ಹೋಗದಿದ್ರೆ ಅವ್ರು ಟಿವಿ ಹೊತ್ಕೊಂಡು ಇಲ್ಲಿಗೇ ಬರ್ತಾರೆ."

ಆಗ ಮೇಜಿನ ಮೇಲೆ ಅವಳ ಓದುವ ಕನ್ನಡಕ ಕಂಡಿತು. ಕೊಗ್ಗ ತನ್ನ ಸೋಡಾಗ್ಲಾಸಿನ ದಪ್ಪ ಕನ್ನಡಕವನ್ನು ಜೇಬಿಗೆ ಹಾಕಿ ಅವಳದನ್ನು ಮೂಗಿಗೇರಿಸಿದ.

"ಅದ್ರಲ್ಲಿ ನಿಮಗೆ ಎಂತ ಕಾಣ್ತದೆ?"

"ಎಂತದೂ ಕಾಣುದಿಲ್ಲ."

"ಮತ್ತೆ?"

"ಅದಕ್ಕೇ!"

ಹೇಳಿದ ಸುಳ್ಳಿಗೆ ಮರ್ಯಾದೆ ಇರಲೆಂದು ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಕೆಂಪು ಶರ್ಟು ತೊಟ್ಟು, ಮದುಮಗನಂತೆ ಹೋಗಿ ನಡುಕುರ್ಚಿಯಲ್ಲಿ ಕೂತ.

"ಕನ್ನಡಕ ಹೊಸತಾ? ಚಂದ ಉಂಟು," ಅಂದರು ಕ್ಲೆಮೆಂಟಿನಾ. ಕೊಗ್ಗನಿಗೆ ಕೇಳಿಸಲಿಲ್ಲ. ಟಿವಿಯಲ್ಲಿ ನೀಲಿ ಮುದ್ದೆಗಳೂ ಕೆಂಪು ಮುದ್ದೆಗಳೂ ಹಸಿರು ಸಾರಿನಲ್ಲಿ ತೇಲುತ್ತಿದ್ದವು. ಸ್ಕೋರನ್ನು ಅವನು ಕನ್ನಡಕದ ಮೇಲಿಂದ ಪಕ್ಕದವರನ್ನು ನೋಡಿ ಓದಿಕೊಂಡ. ಭಾರತ ಆಡಿದಾಗ ಮಹ್ರೂಫ್ ಕುಣಿದ. ಇಂಗ್ಲೆಂಡ್ ಆಡಲು ಬಂದಮೇಲೆ ಮಹ್ರೂಫ್ ಉಗುರು ಕಡಿದ, ಪೊರ್ಬುಗಳು ಸೋಫಾದ ಅಂಚಿಗೆ ಸರಿದರು, ಕ್ಲೆಮೆಂಟಿನಾ ಜಪಸರ ತೆಗೆದರು. ಜಪಸರ ಹೊರಬಂದಿತೆಂದರೆ ಇಂಗ್ಲೆಂಡ್ ಚೆನ್ನಾಗಿ ಆಡುತ್ತಿದೆ! ಕೊಗ್ಗ ಒಳಗೊಳಗೇ ನಕ್ಕ.

ಪೊರ್ಬುಗಳು ಅವನ ಕಿವಿಯ ಹತ್ತಿರ ಬಂದು ಕೂಗಿದರು: "ಕೊಗ್ಗಣ್ಣ, ಸರಿ ನೋಡ್ತಾ ಇದ್ದೀರಲ್ಲ?"

"ಕಣ್ಣು ಮಿಟುಕಿಸಿಲ್ಲ ಪೊರ್ಬುಗಳೇ."

ಸ್ವಲ್ಪ ಹೊತ್ತಿನಲ್ಲಿ ಎಲ್ಲರೂ ಒಟ್ಟಿಗೇ ಹಿಂದಕ್ಕೆ ಒರಗಿದರು. ಮಹ್ರೂಫ್ ಎದ್ದು ಮೈಮುರಿದ. ಕ್ಲೆಮೆಂಟಿನಾ ಚಹಾ ಇಡಲು ಅಡುಗೆಮನೆಗೆ ನಡೆದರು. ಖಲಾಸ್, ಇವರು ಆಸೆ ಬಿಟ್ಟರು ಅಂದುಕೊಂಡ ಕೊಗ್ಗ. ಗೆಲುವು ಗ್ಯಾರಂಟಿ! ಜೇಬಿನಿಂದ ತನ್ನ ಕನ್ನಡಕ ತೆಗೆದು ಹಾಕಿಕೊಂಡ.

ಮುದ್ದೆಗಳು ಮನುಷ್ಯರಾದವು. ಕೆಂಪು ಅಂಗಿಯವನು ಬ್ಯಾಟು ಬೀಸಿದ. ಚೆಂಡು ಗೆರೆ ದಾಟಿ ಜನರ ನಡುವೆ ಬಿತ್ತು. ಕೆಂಪು ಅಂಗಿಗಳು ಓಡಿ ಬಂದು ಒಬ್ಬರನ್ನೊಬ್ಬರು ಅಪ್ಪಿಕೊಂಡವು.

"ನೋಡಿದೆ! ಕಣ್ಣಾರೆ ನೋಡಿದೆ!" ಕೊಗ್ಗ ಕುರ್ಚಿ ಹತ್ತಿ ಕುಣಿದ. ಹತ್ತಿ ಕಿತ್ತೆಸೆದ. ಪೊರ್ಬುಗಳನ್ನು ಅಪ್ಪಿ ಎತ್ತಲು ನೋಡಿ, ಆಗದೆ, ಮಹ್ರೂಫನನ್ನು ಎತ್ತಿದ.

ಯಾರಿಗೂ ಸಿಟ್ಟಿಲ್ಲ! ಎಲ್ಲರೂ ನಗುತ್ತಿದ್ದಾರೆ. ಕ್ಲೆಮೆಂಟಿನಾ ಬಿಸಿ ಗೋಳಿಬಜೆಯ ತಟ್ಟೆ ಅವನೆದುರೇ ಹಿಡಿದರು. ಸೋತರೂ ಎಂಥ ದೊಡ್ಡ ಮನಸ್ಸು! ಇಂಥವರಿಗೆ ಮೋಸ ಮಾಡಿದೆನಲ್ಲ ಎಂದು ಕೊಗ್ಗನ ಕಣ್ಣು ತುಂಬಿತು. ಕನ್ನಡಕದ ಕತೆ, ಹತ್ತಿಯ ಕತೆ ಎಲ್ಲ ಹೇಳಿಬಿಟ್ಟ.

ಮಹ್ರೂಫ್ ವಿನೋದಾಳ ಕನ್ನಡಕವನ್ನು ಕಣ್ಣಿಗೆ ಹಿಡಿದು ನೋಡಿದ. "ಪಡೆದ ದೇವರೇ! ಅದಕ್ಕಾ ಇಂಗ್ಲೆಂಡ್ ಇಷ್ಟು ಹೊತ್ತು ಗೆಲ್ತಾ ಇದ್ದದ್ದು?"

"ಇದ್ದದ್ದು ಅಂದ್ರೆ?"

"ಅದು ಹಳೇ ಮ್ಯಾಚ್ ಕೊಗ್ಗಣ್ಣ," ಅಂದರು ಪೊರ್ಬುಗಳು ಟಿವಿ ತೋರಿಸಿ. "ಅಲ್ಲಿ ಮಳೆ ಬಂದು ಆಟ ನಿಂತಿದೆ. ಟೈಂಪಾಸಿಗೆ ಹಾಕಿದ್ದು."

ಮಳೆ! ಊರಿನ ಆಟಿ ತಿಂಗಳ ಜಡಿಮಳೆಯಲ್ಲಿ ಹುಟ್ಟಿದವನು ಕೊಗ್ಗ. ಆದರೆ ಮಸ್ಕತ್ತಿನ ಬಿಸಿಲಲ್ಲಿ ಇಷ್ಟು ವರ್ಷ ಬೆಂದಮೇಲೆ, ಆಕಾಶದಿಂದ ನೀರು ಬೀಳಬಹುದೆಂಬ ಸಂಗತಿಯೇ ಅವನ ತಲೆಯಿಂದ ಆವಿಯಾಗಿ ಹೋಗಿತ್ತು.

"ಇಂಗ್ಲೆಂಡಿಗೆ ಇನ್ನೆಷ್ಟು ಬೇಕು?" ಕೊಗ್ಗ ಕೇಳಿದ.

"ಹನ್ನೊಂದು ರನ್. ಏಳು ವಿಕೆಟ್ ಉಂಟು. ನಾವು ಆಸೆ ಬಿಟ್ಟಾಗಿತ್ತು," ಅಂದ ಮಹ್ರೂಫ್, ವಿನೋದಾಳ ಕನ್ನಡಕವನ್ನು ತನ್ನ ಜೇಬಿಗಿಳಿಸುತ್ತ.

ಮ್ಯಾಂಚೆಸ್ಟರಿನಲ್ಲಿ ಬಿಸಿಲು ಬಂದು ಪಿಚ್ಚಿನ ಹೊದಿಕೆ ಸರಿಯುತ್ತಿತ್ತು. ಪೊರ್ಬುಗಳು ನಡುಕುರ್ಚಿಯನ್ನು ಟಿವಿಗೆ ಇನ್ನಷ್ಟು ಹತ್ತಿರ ಎಳೆದರು. ಕ್ಲೆಮೆಂಟಿನಾ ಹೊಲಿಗೆ ಡಬ್ಬಿಯಿಂದ ದಾರ ತಂದು, ಕೊಗ್ಗನ ಕನ್ನಡಕದ ಎರಡು ಕಡ್ಡಿಗಳನ್ನು ಅವನ ತಲೆಯ ಹಿಂದೆ ಗಂಟು ಹಾಕಿದರು, ಬಾಯಿಗೊಂದು ಗೋಳಿಬಜೆ ಇಟ್ಟರು.

ಇಂಗ್ಲೆಂಡಿನ ಐದನೇ ವಿಕೆಟ್ ಬೀಳುವಾಗ ವಿನೋದಾ ತನ್ನ ಕನ್ನಡಕ ಹುಡುಕಿಕೊಂಡು ಬಂದಳು.

"ಈಗ ಕೊಡುದಿಲ್ಲ ವಿನೋದಕ್ಕ," ಮಹ್ರೂಫ್ ಜೇಬು ಮುಚ್ಚಿಕೊಂಡ. "ಕೂತ್ಕೊಳ್ಳಿ. ಇನ್ನು ಐದೇ ವಿಕೆಟ್ ಉಂಟು."