ಒಂದೇ ಫೋನಿನ ಮಾತು ಕೇಳುವ ಮೋಟರ್

ಪಿನ್ ನಂಬರ್ ಬದಲಾಯಿಸಲು ಕೊಟ್ರೇಶ ಮರೆತದ್ದರಿಂದ ಇಷ್ಟೆಲ್ಲ ಆಯಿತು.

ಹೆಬ್ಬಗೋಡಿಯ ಆ ವಠಾರದಲ್ಲಿ ನೀರಿನ ಮೋಟರಿನ ಪಕ್ಕದ ಒಂಟಿ ಕೋಣೆ ಅವನದು. ಕಾಲು ಚಾಚಿದರೆ ಬಾಗಿಲು, ಕೈ ಚಾಚಿದರೆ ಒಲೆ. ಮೂರನೇ ಮಹಡಿಯ ಮನೆ ಖಾಲಿಯಿತ್ತು. ಮೋಟರ್ ಹಾಕಲು, ಆರಿಸಲು ಮೆಟ್ಟಿಲಿಳಿದು ಮಂಡಿ ಸವೆಸಿಕೊಂಡಿದ್ದ ಮನೆ ಒಡತಿ ಭದ್ರಮ್ಮ, ಅದು ಫೋನಿನಿಂದಲೇ ನಡೆಯುವಂತೆ ಮಾಡಿದರೆ ಆ ಮನೆ ಬಾಡಿಗೆಗೆ ನಿನಗೇ ಎಂದಿದ್ದರು. ಅವನ ಹೆಂಡತಿ ಸವಿತಾ ಕೂಸನ್ನು ಕಟ್ಟಿಕೊಂಡು ಕೊಪ್ಪಳದಲ್ಲಿ ಬಸ್ಸು ಹತ್ತಿಯೂ ಆಗಿತ್ತು. ಸಂಜೆಗೆ ಇಳಿಯುತ್ತಾಳೆ.

ಜಿಗಣಿಯ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುವ ಕೊಟ್ರೇಶ ರಜೆ ಹಾಕಿ, ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡಿಗೆ ಬ್ಲೂಟೂತ್ ಜೋಡಿಸಿ ಗೋಡೆಗೆ ಕೂರಿಸಿದ. ಫೋನಿನಿಂದ ‘ಆನ್’ ಕಳಿಸಿದರೆ ಮೋಟರ್ ಗುಂಯ್‌ಗುಡುತ್ತಿತ್ತು. ಆದರೆ ಪಿನ್ ಮಾತ್ರ ಅಂಗಡಿಯಿಂದ ಬಂದದ್ದೇ ಉಳಿಯಿತು: ಒಂದು, ಎರಡು, ಮೂರು, ನಾಲ್ಕು. ತಿಂಡಿಯ ಹೊತ್ತಿಗೆ ವಠಾರದ ಎಲ್ಲ ಫೋನುಗಳಿಗೂ ಅದು ಬಾಯಿಪಾಠವಾಗಿತ್ತು.

ಬೋರ್ಡು ಒಮ್ಮೆಗೆ ಒಂದೇ ಫೋನಿಗೆ ಕಿವಿಗೊಡುತ್ತಿತ್ತು. ಇದು ತಿಳಿದದ್ದೇ ತಡ, ಪಕ್ಕದ ಮನೆಯ ದುರ್ಗವ್ವ ಕೊಡ ಇಟ್ಟು ಪಾಳಿ ಹಿಡಿದಂತೆ ಫೋನನ್ನು ಸಂಪಿನ ಮುಚ್ಚಳದ ಮೇಲಿಟ್ಟು ರೊಟ್ಟಿ ತಟ್ಟಲು ಹೋದಳು. ಅದರ ಹಿಂದೆ ಉಳಿದವರ ಫೋನುಗಳು, ಊಟಕ್ಕೆ ಕೂತ ಮಕ್ಕಳ ಹಾಗೆ ಸಾಲುಗಟ್ಟಿದವು. ಸಾಲಿನಲ್ಲಿಟ್ಟು ಪ್ರಯೋಜನವಿಲ್ಲ, ಮೊದಲು ಸಿಕ್ಕಿದ ಫೋನನ್ನೇ ಬೋರ್ಡು ಹಿಡಿದುಕೊಳ್ಳುತ್ತದೆ ಎಂದು ಕೊಟ್ರೇಶ ತಿಳಿಹೇಳಿದ.

“ಪಾಳಿ ಅಂದ್ರ ಪಾಳಿನ. ನಿನ್ನ ಡಬ್ಬಿಗೆ ಕಲಿಸು ಅದನ್ನ,” ಎಂದಳು ದುರ್ಗವ್ವ.

ಅವನು ತೊಟ್ಟಿಲಿನ ಹಗ್ಗ ತರಲು ಅಂಗಡಿಗೆ ಹೋಗಿದ್ದಾಗ ಮೊದಲ ಮಹಡಿಯ ಸಂಗಣ್ಣ ಮೋಟರ್ ಹಾಕಿದ. ಅಷ್ಟರಲ್ಲಿ ಕಂಪನಿ ಬಸ್ಸಿನ ಹಾರ್ನ್ ಕೇಳಿತು. ಫೋನ್ ಜೇಬಿಗಿಳಿಸಿ ಓಡಿಬಿಟ್ಟ. ‘ಆಫ್’ ಎನ್ನುವವರಿಲ್ಲದೆ ಬೋರ್ಡು ಕೊನೆಯ ಮಾತನ್ನೇ ನಂಬಿಕೊಂಡು ಕೂತಿತು. ಟ್ಯಾಂಕು ಉಕ್ಕಿ, ತಾರಸಿಯಲ್ಲಿ ಒಣಹಾಕಿದ್ದ ಭದ್ರಮ್ಮನ ಸಂಡಿಗೆ ಮರಳಿ ಅಂಬಲಿಯಾಯಿತು.

“ಸಂಜೆ ಒಳಗೆ ಸರಿಯಾಗ್ಬೇಕು. ಇಲ್ಲಾಂದ್ರೆ ಮನೆ ಬೇರೆಯೋರ್ಗೆ,” ಎಂದು ಒದ್ದೆ ಬಟ್ಟೆ ಹಿಂಡುತ್ತ ಅವರು ಹೇಳಿದರು.

ಕೊಟ್ರೇಶ ಊಟ ಬಿಟ್ಟ. ನಿಮಿಷಕ್ಕೊಮ್ಮೆ ಬಸ್ಸು ಎಲ್ಲಿಗೆ ಬಂತೆಂದು ಸವಿತಾಳಿಗೆ ಫೋನ್ ಮಾಡುತ್ತ, ನಡುವೆ ಬೋರ್ಡಿಗೆ ಹೊಸ ಬುದ್ಧಿ ತುಂಬಿದ. ಇನ್ನು ಮೇಲೆ ಅವನೊಬ್ಬನ ಫೋನಿಗೇ ಅದು ಬಗ್ಗಬೇಕು. ಆ ಫೋನ್ ದೂರ ಹೋದರೆ ಮೋಟರ್ ತಾನೇ ನಿಲ್ಲಬೇಕು.

ಸಂಜೆ ಭದ್ರಮ್ಮ ತಾವೇ ನಿಂತು ಪರೀಕ್ಷೆ ಮಾಡಿಸಿದರು. ಹಾಕು ಎಂದರೆ ಹಾಕಿತು, ಆರಿಸು ಎಂದರೆ ಆರಿತು. ಉಳಿದವರ ಫೋನುಗಳಿಗೆ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಆಗಷ್ಟೇ ಬಂದಿಳಿದ ಸವಿತಾಳ ಕೈಗೆ ಅವರು ಬೀಗದಕೈ ಕೊಟ್ಟರು.

ದಿನವಿಡೀ ಮೋಟರಿಲ್ಲದೆ ಖಾಲಿಯಾಗಿದ್ದ ಟ್ಯಾಂಕು ತುಂಬಲೆಂದು ಮೋಟರ್ ಹಾಕಿ, ಕೊಟ್ರೇಶ ಹಾಸಿಗೆ ಹೊತ್ತು ಮೆಟ್ಟಿಲೇರಿದ. ಎರಡನೇ ಮಹಡಿಗೆ ಬರುವಷ್ಟರಲ್ಲಿ ಮೋಟರ್ ನಿಂತಿತು. ಇಳಿದು ಮತ್ತೆ ಹಾಕಿ ಹತ್ತಿದ. ಮತ್ತೆ ನಿಂತಿತು.

“ಯಾಕಪ್ಪ ಇಂಗೆ?” ಎಂದರು ಭದ್ರಮ್ಮ.

ಫೋನು ಮೇಲೆ ಹೋದರೆ ಬೋರ್ಡಿಗೆ ದೂರವಾಗುತ್ತದೆ ಎಂದು ಅವನು ವಿವರಿಸಿದ. ಅವರು ತಲೆದೂಗಿ ಕೇಳಿಸಿಕೊಂಡರು.

“ಅಂಗಾದ್ರೆ ನೀನು ಕೆಳಗಡೇನೇ ಇರು. ಮನೆ ಹೆಂಗೂ ಅವಳ್ಗೆ ಕೊಟ್ಟಿದ್ದೀನಲ್ಲ.”

“ಅದನ್ನ ಬದಲಿ ಮಾಡಾಕ ಬರ್ತೈತ್ರೀ ಅಮ್ಮಾರ…”

“ಬೇಡ. ಸರಿಯಾಗಿರೋದ್ನ ಇನ್ನು ಮುಟ್ಬೇಡ.”

ಮೂರನೇ ಮಹಡಿಯ ಕಿಟಕಿಯಿಂದ ಸವಿತಾ ಬಗ್ಗಿದಳು. “ಏನ್ರೀ, ಕೂಸಿಗೆ ಎರೀಬೇಕು. ನೀರು ಬರವಲ್ದು.”

ಕೊಟ್ರೇಶ ಹಾಸಿಗೆಯನ್ನು ಮತ್ತೆ ಕೋಣೆಯಲ್ಲಿ ಬಿಚ್ಚಿ, ಅದರ ಮೇಲೆ ಕೂತು ‘ಆನ್’ ಒತ್ತಿದ.