ಯಾವ ದೇವರ ಮೂಗು?

ಕೆತ್ತಲು ಹೇಳಿಹೋದದ್ದು ಯಾವ ದೇವರನ್ನು ಎಂದು ಕಲ್ಲುಕುಟಿಗ ಮುವಾನ್ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ನಾಲ್ಕು ತಿಂಗಳ ಹಿಂದೆ ಅರಮನೆಯ ಅಧಿಕಾರಿ ಅಂಗೈಯಗಲದ ಹಸಿರು ಜೇಡ್ ಕಲ್ಲು ಕೊಟ್ಟು, ದೊರೆಯ ಕೊರಳಿಗೆ ದೇವರ ಮುಖ ಕೆತ್ತಲು ಹೇಳಿದ್ದ. ಅಂದು ಭಾಮೈದನ ಮದುವೆ. ಜೇನಿನ ಹೆಂಡ ಏರಿಸಿದ್ದ ಮುವಾನ್ ಎಲ್ಲದಕ್ಕೂ ಹೂಂಗುಟ್ಟಿ ಕಳಿಸಿದ್ದ.

ಕಣ್ಣು, ಕಿವಿಯೋಲೆ, ಕಿರೀಟ ಯಾವ ದೇವರಿಗಾದರೂ ನಡೆಯುತ್ತವೆ. ಕಲ್ಲು ಕೊಯ್ಯುವ ದಾರಕ್ಕೆ ಮರಳು, ನೀರು ಹಾಕಿ ಉಜ್ಜಿ ಉಜ್ಜಿ ಅಷ್ಟನ್ನೂ ಮುಗಿಸಿದ್ದ. ತೊಡಕೆಲ್ಲ ಮೂಗಿನದು. ಮೂಗು ಉದ್ದವಾದರೆ ಮಳೆದೇವರು ಚಾಕ್, ಮೋಟಾದರೆ ಮೆಕ್ಕೆಜೋಳದ ದೇವರು. ಕತ್ತರಿಸಿದ್ದನ್ನು ಅಂಟಿಸಲಾಗದು ಎಂಬಷ್ಟು ಬುದ್ಧಿ ಇದ್ದುದರಿಂದ ಸದ್ಯಕ್ಕೆ ಉದ್ದವೇ ಬಿಟ್ಟಿದ್ದ. ಇವತ್ತು ಸಂಜೆ ಅಧಿಕಾರಿ ಬರುತ್ತಾನೆ. ದೇವರು ತಪ್ಪಿದರೆ ಅರಮನೆಯ ಕೆಲಸ ಹೋಯಿತು; ಆಮೇಲೆ ಸಾಯುವತನಕ ಸುಣ್ಣದ ಗೂಡಿಗೆ ಕಲ್ಲು ಹೊರುವುದೇ ಗತಿ.

ಮರೆತೆ ಎಂದರೆ ಮಾನ ಹೋಗುತ್ತದೆ. ಹಾಗಾಗಿ ಬೆಳಗ್ಗೆಯೇ ಪಕ್ಕದ ಮನೆಗೆ ಹೋಗಿ ಸುತ್ತಿಬಳಸಿ ಕೇಳಿದ.

"ಅಜ್ಜಿ, ದೊರೆಗೀಗ ಯಾವ ದೇವರ ಮೇಲೆ ಭಕ್ತಿ ಜಾಸ್ತಿ?"

ಇಶ್ಕಬ್ ಅಜ್ಜಿ ಜೋಳ ಅರೆಯುವುದನ್ನು ನಿಲ್ಲಿಸಿದಳು. "ಮಳೆಯಪ್ಪನ ಮೇಲೆ ಕಣೋ, ಇನ್ಯಾರ ಮೇಲೆ? ಕೆರೆ ನೋಡಿದ್ಯಾ? ಕಪ್ಪೆಗಳೂ ಗುಳೆ ಹೋಗ್ತಾವೆ."

ಮುವಾನ್‌ಗೆ ಜೀವ ಬಂತು. ಮನೆಗೆ ಬಂದು ಉದ್ದ ಮೂಗಿಗೆ ಹೊಳಪು ಕೊಡಲು ಕೂತ. ಅಷ್ಟರಲ್ಲಿ ಭಾಮೈದ ತೋಕ್ ವಕ್ಕರಿಸಿದ.

"ಭಾವ, ತಲೆ ಕೆಟ್ಟಿದೆಯಾ? ನಿನ್ನೆ ಅರಮನೆಗೆ ಹತ್ತು ಹೊರೆ ತೆನೆ ಹೋಯ್ತು. ನಾನೇ ಹೊತ್ತಿದ್ದು, ಬೆನ್ನು ನೋಡು! ಮಳೆಯಪ್ಪನಿಗೆ ತೆನೆ ಯಾಕೆ? ಇದು ಜೋಳದಪ್ಪನ ಪೂಜೇನೇ."

ಬೇಲಿಯಾಚೆಯಿಂದ ಅಜ್ಜಿ ಹಾರಿಬಂದಳು. "ಇರುವೆ ಹಂಗೆ ಹೊರೆ ಹೊತ್ತೋನಿಗೆ ಪೂಜೆ ವಿಷ್ಯ ಏನೋ ಗೊತ್ತು?"

"ನಿಂಗೆ ಕಪ್ಪೆ ಬಂದು ಹೇಳ್ತಾ, ಅಜ್ಜಿ?"

ಬೀದಿಯೆಲ್ಲ ನೆರೆಯಿತು. ಒಬ್ಬರು ಮಳೆ ಅಂದರೆ ಇನ್ನೊಬ್ಬರು ಜೋಳ ಅಂದರು. ಮುವಾನ್ ದಾರವನ್ನು ಮೂಗಿಗೆ ಹಾಕಿದ, ತೆಗೆದ, ಮತ್ತೆ ಹಾಕಿದ. ತಲೆ ಅಂಬಲಿಗಡಿಗೆಯಂತಾಗಿತ್ತು. ಕೊನೆಗೆ ಅಜ್ಜಿಯೇ ಸೋತಳು. "ಹತ್ತು ಹೊರೆ ಹೋಗಿದ್ದು ನಿಜಾನೇನೋ? ಹಂಗಾದ್ರೆ ಜೋಳದಪ್ಪನೇ ಬಿಡು."

ಇಡೀ ಬೀದಿ ಒಮ್ಮತಕ್ಕೆ ಬಂದದ್ದು ಅದೇ ಮೊದಲು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಮುವಾನ್ ಕಣ್ಣುಮುಚ್ಚಿ ದಾರ ಎಳೆದ. ಹೊತ್ತಿಳಿಯುವಾಗ ಮೂಗು ಟಕ್ ಎಂದು ಬಿತ್ತು. ಮುದ್ದಾದ ಜೋಳದಪ್ಪನನ್ನು ಬಟ್ಟೆಯಲ್ಲಿ ಸುತ್ತುವಷ್ಟರಲ್ಲಿ ಅಧಿಕಾರಿ ಬಂದೇಬಿಟ್ಟ.

"ಸಿದ್ಧ, ಬುದ್ಧಿ. ನೀವು ಹೇಳಿದ್ದ ದೇವರೇ!"

"ನಾನೆಲ್ಲಿ ದೇವರನ್ನ ಹೇಳಿದ್ದೆ?" ಅಧಿಕಾರಿಗೆ ಅಚ್ಚರಿ. "ದಿನದ ಫಲ ನೋಡೋ ಪೂಜಾರಿ ಇವತ್ತು ಲೆಕ್ಕ ಹಾಕಿ ದೇವರನ್ನ ಹೇಳ್ತಾರೆ, ಅಲ್ಲೀವರೆಗೂ ಮೂಗು ಮುಟ್ಟಬೇಡ ಅಂದಿದ್ದೆ. ನೀನೂ ಹೂಂ ಅಂದ್ಯಲ್ಲ!"

ಮುವಾನ್ ಬಟ್ಟೆಯ ಗಂಟನ್ನು ಎದೆಗವಚಿಕೊಂಡ. ಹಿಂದೆ ತಿರುಗಿ ನೋಡಿದರೆ ಬೀದಿ ಖಾಲಿ.

"ಯಾ... ಯಾವ ದೇವರು ಬಂತು, ಬುದ್ಧಿ?"

"ಮಳೆಯಪ್ಪ ಚಾಕ್ ಕಣಯ್ಯಾ. ನಿನ್ನ ಅದೃಷ್ಟ, ಉದ್ದ ಮೂಗು ಹಾಗೇ ಇದ್ರೆ ಸಾಕು, ಇನ್ನೇನೂ ಕೆತ್ತಬೇಕಾಗಿಲ್ಲ! ಎಲ್ಲಿ, ಬಟ್ಟೆ ಬಿಚ್ಚು."