ಮದುವೆ ಮನೆಗೆ ಮಸೆದ ಚಾಕು

"ಈ ಚಾಕು ಹಿಡ್ಕೊಂಡು ನಾನು ಮದುವೆ ಮನೆಗೆ ಹೋಗಲ್ಲ. ಬೇಕಾದ್ರೆ ನೀನೇ ಹೋಗಿ ಆ ಹೆಂಗಸರ ಮಧ್ಯ ಕೂತ್ಕೊ."

ತುಕಿನೆಮ್ ಚಾಕನ್ನು ಗಂಡ ವಗಿಮಿನ್‌ನ ಕಾಲ ಬಳಿ ಎಸೆದಳು. ಅವಳ ಸಿಟ್ಟಿಗೆ ಕಾರಣವಿತ್ತು. ಆ ಹಳ್ಳಿಯಲ್ಲಿ ಯಾರ ಮನೆಯ ಮದುವೆಯಾದರೂ ಅಡುಗೆಗೆ ನೆರೆಹೊರೆಯ ಹೆಂಗಸರೇ ಹೋಗಬೇಕು, ಚಾಕನ್ನೂ ತಮ್ಮ ತಮ್ಮ ಮನೆಯಿಂದಲೇ ಒಯ್ಯಬೇಕು. ಹೋದ ಸಲ ಇವಳ ಚಾಕಿಗೆ ಸಿಕ್ಕ ಈರುಳ್ಳಿ ಎಮ್ಮೆ ತುಳಿದಂತಾಗಿತ್ತು. ಅಡುಗೆಯ ಯಜಮಾನಿ ಮುರ್ಸಿನಾ ಎಲ್ಲರೆದುರೇ ಇವಳನ್ನು ಹೆಚ್ಚುವವರ ಚಾಪೆಯಿಂದ ಎಬ್ಬಿಸಿ ಬಾಣಲೆ ತಿಕ್ಕಲು ಬಾವಿಕಟ್ಟೆಗೆ ಅಟ್ಟಿದ್ದಳು.

ತಿಂಗಳಿಂದ ಈರುಳ್ಳಿಯದೇ ತಪ್ಪು ಎಂದು ವಾದಿಸಿ ಚಾಕು ಮುಟ್ಟದಿದ್ದ ವಗಿಮಿನ್ ಈಗ ಚಟ್ನಿ ಅರೆಯುವ ಕಲ್ಲನ್ನು ಬೋರಲು ಹಾಕಿದ. ಅದರ ತಳಕ್ಕೆ ನೀರು ಸುರಿದು ಮಸೆಯತೊಡಗಿದ. ಮುಂಗೈ ಕೂದಲು ಬೋಳಿಸುವಷ್ಟು ಹರಿತ ಬರುವ ಹೊತ್ತಿಗೆ ಬಿಸಿಲು ಏರಿತ್ತು. ತುಕಿನೆಮ್ ಚಾಕನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ಓಡಿದಳು.

ಅವನು ಕಾಫಿಗೆ ಬಾಯಿಡುವಷ್ಟರಲ್ಲಿ ಪಕ್ಕದ ಮನೆಯ ಲಸ್ಮಿ ಬುಟ್ಟಿ ಹೊತ್ತು ಬಂದಳು. ಬುಟ್ಟಿ ತುಂಬ ಚಾಕುಗಳು. ತುಕಿನೆಮ್ ಹೆಚ್ಚುವುದನ್ನು ಕಂಡು ಉಳಿದವರಿಗೆಲ್ಲ ತಮ್ಮ ಚಾಕು ಮೊಂಡೆಂದು ಜ್ಞಾನೋದಯವಾಗಿತ್ತಂತೆ. ನಾನೇನು ಸಾಣೆ ಹಿಡಿಯುವವನೇ ಎಂದು ವಗಿಮಿನ್ ಹಾರಾಡಿದ. ಲಸ್ಮಿ ದನಿ ಏರಿಸಲಿಲ್ಲ.

"ಆಯ್ತು, ಅಣ್ಣ. ಮುಂದೆ ನಿನ್ನ ಮಗಳ ಮದುವೇಲಿ ನಾವೂ ಅಡುಗೆಯವರಲ್ಲ."

ವಗಿಮಿನ್ ಮತ್ತೆ ಕುಕ್ಕರಗಾಲಲ್ಲಿ ಕೂತ. ಒಂದು ಬುಟ್ಟಿ ಮುಗಿದರೆ ಇನ್ನೊಂದು ಬಂತು. ಯಾರೋ ತೆಂಗಿನಕಾಯಿ ಕೊಚ್ಚುವ ಕತ್ತಿ ಕಳಿಸಿದರು, ಯಾರೋ ತುಕ್ಕು ಹಿಡಿದ ಕತ್ತರಿ. ಕೆಲಸವಿಲ್ಲದ ಗಂಡಸರು ಬೇಲಿಗೆ ಒರಗಿ, ಹಾಗಲ್ಲ ಹೀಗೆ ಎಂದು ಪಾಠ ಹೇಳಿದರು. ಮುರ್ಸಿನಾ ತನ್ನ ಚಾಕಿನ ಜೊತೆಗೇ, ಮದುಮಗಳ ಹಾಗೆ ನಾಚಿಕೊಂಡು ಮಸೆಯಬೇಡ ಎಂದು ಹೇಳಿಕಳಿಸಿದಳು. ಮದುವೆ ಅವರದು, ಸುಲಿದ ಅಂಗೈ ನನ್ನದು ಎಂದು ವಗಿಮಿನ್ ಕುದಿದ. ಬೆನ್ನು ಕುಡುಗೋಲಾಯಿತು. ಕಾಫಿಯಲ್ಲಿ ಎರಡು ನೊಣ ಈಜಿ ಸತ್ತವು. ಹೆಂಡತಿ ಈ ಸಲ ಚಾಪೆಯ ಮೇಲೆ ಮರ್ಯಾದೆಯಿಂದ ಕೂತಿದ್ದಾಳೆ ಎಂಬುದೊಂದೇ ಸಮಾಧಾನ.

ಮಧ್ಯಾಹ್ನ ತುಕಿನೆಮ್ ಬಂದಳು. ಮೊಣಕೈವರೆಗೂ ಮಸಿ.

"ಊರಿನ ಚಾಕೆಲ್ಲಾ ಮಸೆದ್ಯಂತೆ?"

"ಹೂಂ," ಎಂದ ವಗಿಮಿನ್, ಎದೆಯುಬ್ಬಿಸಿ.

"ಎಲ್ಲಾರ ಚಾಕೂ ಹರಿತ ಆಯ್ತು. ಎರಡು ದಿನದ ಹೆಚ್ಚೋ ಕೆಲಸ ಅರ್ಧ ದಿನಕ್ಕೇ ಮುಗೀತು. ಇಷ್ಟು ಜನ ಯಾಕೆ, ಕೊನೇಲಿ ಬಂದೋರು ಬಾಣಲೆ ತಿಕ್ಕೋಕೆ ಏಳಿ ಅಂದ್ಲು ಮುರ್ಸಿನಾ. ಕೊನೇಲಿ ಹೋದೋಳು ಯಾರು? ನಾನು. ಯಾಕೆ ತಡ ಆಯ್ತು? ನೀನು ಬೆಳಗ್ಗೆ ಬಿಸಿಲೇರೋವರ್ಗೂ ನನ್ನ ಚಾಕು ಮಸೀತಾ ಕೂತಿದ್ದೆ."

"ಊರೋರು ಕೇಳಿದ್ರೆ ಇಲ್ಲ ಅನ್ನಕ್ಕಾಗುತ್ತಾ?"

"ನಂಗೆ ಮಾತ್ರ ಒಂದು ತಿಂಗಳು ಇಲ್ಲ ಅಂದ್ಯಲ್ಲ."

ಅವಳು ಕೈ ತೊಳೆದಳು. ಹಗ್ಗದ ಮೇಲಿದ್ದ, ಉಡುವ ಇನ್ನೊಂದು ಸರೋಂಗನ್ನು ಎಳೆದು ಹೆಗಲಿಗೆ ಹಾಕಿಕೊಂಡು, ವೊನೊಗಿರಿಯಲ್ಲಿರುವ ಅಕ್ಕನ ಮನೆಗೆ ಹೋಗುತ್ತೇನೆಂದು ಹೇಳಿ ಅಂಗಳ ದಾಟಿದಳು. ವಗಿಮಿನ್ ಏಳಲು ನೋಡಿದ, ಜೋಮು ಹಿಡಿದ ಕಾಲು ಏಳಲಿಲ್ಲ. ದಾರಿಯ ತುದಿಯಲ್ಲಿ ಬಸ್ಸು ನಿಂತು ಹೊರಟ ಸದ್ದು ಕೇಳಿಸಿತು. ತುಕಿನೆಮ್ ತಿರುಗಿ ಬರಲಿಲ್ಲ.